ಹಳೆ ಕಂಪ್ಯೂಟರ್ ಗುಜರಿಗೆ ಹಾಕಬೇಡಿ

ದುರ್ಗದ ರೇಡಿಯೊ ಕೇಳುಗರೆಲ್ಲರಿಗೂ ನಮಸ್ಕಾರ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲಿಂದ ನನಗೆ ಬರುವ ಫೋನೆಲ್ಲ ಒಂದೇ: "ಸಾರ್, ಹಳೆ ಕಂಪ್ಯೂಟರ್ ಗುಜರಿಗೆ ಹಾಕ್ಲಾ?" ಹಾಕಬೇಡಿ. ಅದರ ಮೇಲಿನ ಹೊರೆ ಇಳಿಸಿ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ, ಅದರಲ್ಲೂ ಬೇಕಾದ್ದಷ್ಟೇ ಹಾಕಿ.

ಚಳ್ಳಕೆರೆಯಲ್ಲಿ ಪರಿಚಯದವರೊಬ್ಬರದು ಶೇಂಗಾ ಎಣ್ಣೆ ಮಿಲ್. ಲೆಕ್ಕದ ಕಂಪ್ಯೂಟರ್‌ಗೆ 2 ಜಿಬಿ ರ್‍ಯಾಮ್. ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಟೀ ಕುಡಿದು ಬಂದರೂ ಅದು ಇನ್ನೂ ಗಿರ್ರೆನ್ನುತ್ತಿತ್ತು. ಲೆಕ್ಕದ ಫೈಲೆಲ್ಲ ಪೆನ್‌ಡ್ರೈವ್‌ಗೆ ಎತ್ತಿಟ್ಟು ಡೆಬಿಯನ್ ಎಂಬ ಲಿನಕ್ಸ್ ಹಾಕಲು ಕೂತೆ. ನಡುವೆ ಒಂದು ಪಟ್ಟಿ ಬರುತ್ತದೆ, ಯಾವ ಡೆಸ್ಕ್‌ಟಾಪ್ ಬೇಕು, ಅಂದರೆ ಪರದೆ ಹೇಗೆ ಕಾಣಬೇಕು ಎಂದು. ಜನ ಎಡವುವುದು ಅಲ್ಲೇ. ಚೆಂದ ಕಾಣುತ್ತೆ ಅಂತ ಗ್ನೋಮ್ ಎಂಬ ಭಾರದ ಡೆಸ್ಕ್‌ಟಾಪ್ ಹಾಕಿಬಿಡುತ್ತಾರೆ. ನಾನು ಸ್ಪೇಸ್ ಒತ್ತಿ ಡೆಸ್ಕ್‌ಟಾಪ್‌ಗಳ ಗುರುತೆಲ್ಲ ತೆಗೆದೆ. ಕೆಲಸ ಮುಗಿದಾಗ ಪರದೆ ಪೂರ್ತಿ ಕಪ್ಪು, ಮೇಲೊಂದು ಸಾಲು ಬಿಳಿ ಅಕ್ಷರ. ಯಜಮಾನರಿಗೆ ಗಾಬರಿ. "ಸಾರ್, ಇದ್ದಿದ್ದೂ ಹೋತಲ್ಲ!"

ಟೀ ತರಿಸಿ ಎಂದೆ. ಟೀ ಬರುವಷ್ಟರಲ್ಲಿ 'ಆಪ್ಟ್ ಇನ್‌ಸ್ಟಾಲ್' ಎಂದು ಬರೆದು ನಾಲ್ಕೇ ತಂತ್ರಾಂಶದ ಹೆಸರು ಕೊಟ್ಟೆ: ಎಕ್ಸಾರ್ಗ್, ಓಪನ್‌ಬಾಕ್ಸ್, ಟಿಂಟ್2, ಪಿಸಿಮ್ಯಾನ್‌ಎಫ್‌ಎಂ. ಒಂದೊಂದಕ್ಕೆ ಒಂದೊಂದು ಕೆಲಸ: ಪರದೆ, ಕಿಟಕಿ, ಕೆಳಗಿನ ಪಟ್ಟಿ, ಫೈಲು. ಮುಗೀತು. 'ಸ್ಟಾರ್ಟ್‌ಎಕ್ಸ್' ಹೊಡೆದರೆ ಬಂದಿದ್ದು ಖಾಲಿ ಪರದೆ, ಐಕಾನ್ ಒಂದೂ ಇಲ್ಲ. ಯಜಮಾನರ ಮುಖ ಇನ್ನಷ್ಟು ಸಪ್ಪೆ. ಮೌಸ್‌ನ ಬಲಗಡೆ ಒತ್ತಿ ಎಂದೆ. ಮೆನು ಟಪ್ಪಂತ ಬಂತು. ನಂಬಿಕೆ ಬರದೆ ಮತ್ತೆ ಒತ್ತಿದರು. ಹತ್ತು ಸಲ ಒತ್ತಿ ನಕ್ಕರು. ರ್‍ಯಾಮ್ ನೋಡಿದರೆ 300 ಎಂಬಿ ಸಹ ಖರ್ಚಾಗಿರಲಿಲ್ಲ. ಲೆಕ್ಕಕ್ಕೆ ಬೇಕಲ್ಲ ಅಂತ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶವನ್ನೂ ಹಾಕಿದೆ. ಅವರ ಲೆಕ್ಕದ ಶೀಟು ಅದರಲ್ಲಿ ಸಲೀಸಾಗಿ ತೆರೆಯಿತು. ಅಷ್ಟರಲ್ಲಿ ಮಗ ಬಂದು ಪರದೆ ಮೇಲೆ ಕುಣಿಯುವ ಗಡಿಯಾರ ಹಾಕಿ ಎಂದ. ಎಣ್ಣೆ ಡಬ್ಬ ಎಣಿಸುವವರಿಗೆ ಅದ್ಯಾಕಪ್ಪಾ? ಬೇಕಾದ್ದಷ್ಟೇ ಹಾಕಬೇಕು, ಅಲ್ವಾ?

ಸ್ಟುಡಿಯೋ ಗಾಜಿನಾಚೆಯಿಂದ ಸಮಯ ಮುಗೀತು ಅಂತ ಸನ್ನೆ ಬರುತ್ತಿದೆ, ಬೇಗ ಹೇಳುತ್ತೇನೆ. ವೈಫೈಗೆ ನೆಟ್‌ವರ್ಕ್ ಮ್ಯಾನೇಜರ್, ಕನ್ನಡ ಬರೆಯಲು ಐಬಸ್, ಜೊತೆಗೆ ಕನ್ನಡ ಫಾಂಟು. ಇವನ್ನು ನೀವೇ ಕೇಳಿ ಹಾಕಿಕೊಳ್ಳಬೇಕು. ಬ್ರೌಸರ್‌ನಲ್ಲಿ 20 ಟ್ಯಾಬ್ ತೆರೆದಿಟ್ಟರೆ ಯಾವ ಲಿನಕ್ಸೂ ಕಾಪಾಡುವುದಿಲ್ಲ. ತೀರಾ ಹಳೆಯ 32 ಬಿಟ್ ಯಂತ್ರಕ್ಕೆ ಡೆಬಿಯನ್ 13ರ ಇನ್‌ಸ್ಟಾಲರ್ ಇಲ್ಲ, 12 ಹುಡುಕಿ. ಇನ್ನೊಂದು: ಮೊದಲು ಫೋಟೋ, ಲೆಕ್ಕ ಎಲ್ಲ ಪೆನ್‌ಡ್ರೈವ್‌ಗೆ. ಡಿಸ್ಕ್ ಅಳಿಸಿದ ಮೇಲೆ ನನಗೆ ಫೋನ್ ಮಾಡಿ ಸುಮ್ನೆ ಬೈಯಬೇಡಿ. ನಮಸ್ಕಾರ.