ಕೆರೆಯ ನೀರನ್ನು ಬಿಸಿಲೊಂದೇ ಕುಡಿಯುವುದಿಲ್ಲ

[ದೃಶ್ಯ: ಕುಂಬಳೆ ಸಮೀಪದ ಅನಂತಪುರ. ಕೆರೆಯ ನಡುವೆ ದೇವಾಲಯ.]

ನಮಸ್ಕಾರ. ನೀವು ನೋಡುತ್ತಿರುವುದು ನಮ್ಮ ಕಾಸರಗೋಡು ಜಿಲ್ಲೆಯ ಅನಂತಪುರದ ಕೆರೆ. ಇದರ ಜೊತೆಗೆ ಕರ್ನಾಟಕದ ಉತ್ತರದ ಗಡಿಯಾಚೆ, ವಚನಕಾರ ಸಿದ್ಧರಾಮ 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕಟ್ಟಿಸಿದ ಕೆರೆಯನ್ನೂ ನೆನಪಿನಲ್ಲಿಟ್ಟುಕೊಳ್ಳಿ. ಏಪ್ರಿಲ್ ಬಂತೆಂದರೆ ಎರಡೂ ಊರಿನವರು ಸೆಕೆಯೆಂದು ದೂರುತ್ತಾರೆ. ಆದರೆ ಇಲ್ಲಿ ಬೆವರು ಮೈಗೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಬೆವರಿದ್ದೇ ತಿಳಿಯದಷ್ಟು ಬೇಗ ಆರಿಹೋಗುತ್ತದೆ. ಎರಡು ಕೆರೆಗಳ ನಡುವಿನ ವ್ಯತ್ಯಾಸವೂ ಇದೇ.

ನೀರು ಆವಿಯಾಗುವ ವೇಗವು ಗಾಳಿಯಲ್ಲಿ ಇನ್ನೆಷ್ಟು ತೇವಕ್ಕೆ ಜಾಗ ಉಳಿದಿದೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಈ ಸಂಬಂಧವನ್ನು ಜಾನ್ ಡಾಲ್ಟನ್ 1802ರಲ್ಲಿಯೇ ವಿವರಿಸಿದ್ದರು. ಲೆಕ್ಕ ಹಾಕೋಣ. 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 36 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಆರ್ದ್ರತೆ ಶೇಕಡಾ 70 ಇದ್ದರೆ ಅದರಲ್ಲಿ 25 ಗ್ರಾಂ ಆಗಲೇ ತುಂಬಿರುತ್ತದೆ, ಉಳಿಯುವುದು 11 ಗ್ರಾಮಿನ ಜಾಗ ಮಾತ್ರ. ಒಳನಾಡಿನ 40 ಡಿಗ್ರಿಯ ಗಾಳಿಗೆ 51 ಗ್ರಾಂ ಹಿಡಿಯುತ್ತದೆ. ಆರ್ದ್ರತೆ ಶೇಕಡಾ 20 ಎಂದಿಟ್ಟುಕೊಂಡರೆ ಸುಮಾರು 41 ಗ್ರಾಮಿನಷ್ಟು ಜಾಗ ಖಾಲಿಯೇ ಇರುತ್ತದೆ. ಉಷ್ಣತೆಯಲ್ಲಿ ಏಳೇ ಡಿಗ್ರಿಯ ಅಂತರ, ಗಾಳಿಯ ದಾಹದಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು!

[ದೃಶ್ಯ: ನೀರಿನ ಮೇಲ್ಮೈಯಲ್ಲಿ ಏಳುವ ಕಿರುತೆರೆಗಳು.]

ಗಾಳಿ ಬೀಸದಿದ್ದರೆ ಈ ದಾಹವೂ ಬೇಗ ಮಂಕಾಗುತ್ತದೆ, ಏಕೆಂದರೆ ನೀರಿಗೆ ತಾಗಿಕೊಂಡಿರುವ ಗಾಳಿಯ ಪದರವು ಆವಿಯಿಂದ ತುಂಬಿ ಅಲ್ಲೇ ನಿಲ್ಲುತ್ತದೆ. ಬೀಸುಗಾಳಿ ಅದನ್ನು ಸರಿಸಿ ಹೊಸ ಗಾಳಿಯನ್ನು ತರುತ್ತದೆ. ನಮ್ಮಲ್ಲಿ ಮಧ್ಯಾಹ್ನ ಬೀಸುವ ಕಡಲಗಾಳಿಯೇನೋ ಜೋರಾಗಿರುತ್ತದೆ, ಆದರೆ ಅದು ಹೊತ್ತು ತರುವುದೂ ತೇವವನ್ನೇ.

ಬಿಸಿಲಿನ ಪಾತ್ರ ಸಣ್ಣದೆಂದು ಇದರರ್ಥವಲ್ಲ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಬೇಕಾಗುವ ಶಾಖವು, ಅದೇ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು, ಮತ್ತು ಅದರ ಬಹುಪಾಲು ಸೂರ್ಯನಿಂದಲೇ ಬರಬೇಕು. ಆಳವಾದ ಕೆರೆ ಹಗಲಿನ ಶಾಖವನ್ನು ಕೂಡಿಟ್ಟುಕೊಂಡು ರಾತ್ರಿಯೂ ಆವಿಯಾಗುತ್ತಿರುತ್ತದೆ. ಮಳೆಗಾಲದಲ್ಲಿ ಮೋಡವೂ ತೇವವೂ ಸೇರಿ ಎಲ್ಲವನ್ನೂ ನಿಧಾನಗೊಳಿಸುತ್ತವೆ.

ಇಲ್ಲೊಂದು ಮಾತು: ಕಾಸರಗೋಡಿನ ಕೆರೆ ಬೇಸಗೆಯಲ್ಲಿ ಬತ್ತಿದರೆ ಪೂರ್ತಿ ಬಿಸಿಲನ್ನೇ ದೂರಬೇಕಾಗಿಲ್ಲ. ಮುರಕಲ್ಲಿನ ಸಂದುಗಳಲ್ಲಿ ಇಂಗಿಹೋಗುವ ನೀರೂ ಉಂಟು.

[ದೃಶ್ಯ: ಹವಾಮಾನ ಕೇಂದ್ರದ ಬಾಷ್ಪೀಕರಣ ಬಾಣಲೆ.]

ನೀರು ಎಷ್ಟು ಆವಿಯಾಗುತ್ತದೆ ಎಂಬುದನ್ನು ಅಳೆಯಲು ಸುಮಾರು 121 ಸೆಂಟಿಮೀಟರ್ ಅಗಲದ, 25 ಸೆಂಟಿಮೀಟರ್ ಆಳದ ಲೋಹದ ಬಾಣಲೆಯನ್ನು ಬಳಸುತ್ತಾರೆ. ಹಕ್ಕಿಗಳು ನೀರು ಕುಡಿದು ಲೆಕ್ಕ ತಪ್ಪಿಸದಂತೆ ನಮ್ಮ ದೇಶದಲ್ಲಿ ಇದಕ್ಕೆ ತಂತಿಬಲೆಯನ್ನೂ ಹೊದಿಸುತ್ತಾರೆ. ಲೋಹದ ಗೋಡೆ ಕಾಯುವುದರಿಂದ ಬಾಣಲೆಯ ನೀರು ಕೆರೆಯ ನೀರಿಗಿಂತ ಬೇಗ ಇಳಿಯುತ್ತದೆ. ಆದ್ದರಿಂದ ಬಂದ ಅಂಕಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. ಬಾಣಲೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಇಳಿದರೆ ಕೆರೆಯಲ್ಲಿ 4.2 ಮಿಲಿಮೀಟರ್. ಒಂದು ಹೆಕ್ಟೇರ್ ವಿಸ್ತಾರದ ಕೆರೆಯಿಂದ ಒಂದೇ ದಿನದಲ್ಲಿ ಹೋಗುವುದು 42,000 ಲೀಟರ್, ಎಂದರೆ 6,000 ಲೀಟರ್ ಹಿಡಿಯುವ ಏಳು ಟ್ಯಾಂಕರ್ ನೀರು.