ಸಂಜೆಯ ಅತಿಥಿಗಳಿಗೆ ಚೀಸ್ ಟೋಸ್ಟ್

ಕೇಳುಗರೆಲ್ಲರಿಗೂ ನಮಸ್ಕಾರ.

ದಸರೆ ಹತ್ತಿರವಾದಂತೆಲ್ಲ ಮೈಸೂರಿನ ಮನೆಗಳಿಗೆ ನೆಂಟರಿಷ್ಟರ ಬರವು ಹೆಚ್ಚುತ್ತದೆ. ಜಂಬೂ ಸವಾರಿ ನೋಡಲೆಂದು ಬಂದು ನಾಲ್ಕು ದಿನ ಉಳಿಯುವವರಿರುತ್ತಾರೆ. ಅರಮನೆಯ ದೀಪಾಲಂಕಾರ ನೋಡಲು ಹೊರಟವರು ದಾರಿಯಲ್ಲಿ ನಮ್ಮ ಮನೆಯ ಗೊಂಬೆಗಳನ್ನೂ ನೋಡಿಹೋಗೋಣವೆಂದು ಮಕ್ಕಳೊಡನೆ ಒಳಗೆ ಬರುವುದೂ ಉಂಟು. ಆಗ ಊಟದ ಹೊತ್ತಾಗಿರುವುದಿಲ್ಲ, ಬರಿಯ ಕಾಫಿ ಕೊಟ್ಟು ಕಳುಹಿಸಲು ಮನಸ್ಸೂ ಒಪ್ಪುವುದಿಲ್ಲ. ಅಂಥ ಸಂಜೆಗಳಿಗೆ ಹೊಂದುವ, ಬೋಂಡದಂತೆ ಎಣ್ಣೆಯ ಬಾಣಲೆಯ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸದ ಚೀಸ್ ಟೋಸ್ಟನ್ನು ಕುರಿತು ಇಂದು ನಾಲ್ಕು ಮಾತು ಹೇಳುತ್ತೇನೆ.

ಇದು ನಮ್ಮ ನಾಲಿಗೆಗೆ ಹೊಸದೇನೂ ಅಲ್ಲ. ಅಯ್ಯಂಗಾರ್ ಬೇಕರಿಗಳಲ್ಲಿ ಬೆಣ್ಣೆ ಸವರಿ ಕೆಂಪಗೆ ಮಾಡಿದ ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿಗಳ ಪಲ್ಯವನ್ನು ಹರಡಿ ಕೊಡುವ ಖಾರದ ಟೋಸ್ಟನ್ನು ಈ ಭಾಗದಲ್ಲಿ ತಿನ್ನದವರು ಕಡಿಮೆ. ಅದರ ಮೇಲೆ ತುರಿದ ಚೀಸನ್ನು ಹಾಕಿ ಕರಗಿಸಿ, ಒಂದೊಂದು ಸ್ಲೈಸನ್ನು ನಾಲ್ಕು ತುಂಡು ಮಾಡಿದರೆ, ನಿಂತು ಮಾತನಾಡುತ್ತಲೇ ಎರಡು ಬೆರಳಲ್ಲಿ ಹಿಡಿದು ತಿನ್ನಬಹುದಾದ ತಿಂಡಿಯಾಗುತ್ತದೆ. ಅಳತೆಯ ಅಂದಾಜು ಬೇಕೆನ್ನುವವರಿಗೆ ಹೇಳುವುದಾದರೆ, 12 ಸ್ಲೈಸುಗಳಿಗೆ 250 ಗ್ರಾಂ ಚೀಸ್ ಧಾರಾಳವಾಗಿ ಸಾಕು. ಅದರಿಂದ 48 ತುಂಡುಗಳಾಗುತ್ತವೆ. 12 ಜನರಿಗೆ ತಲಾ ನಾಲ್ಕು.

ಈ ತಿಂಡಿ ಕೆಡುವುದಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ತೇವ. ಬ್ರೆಡ್ಡಿನಲ್ಲಿ ನೀರಿನಂಶವಿದೆ, ಟೊಮೇಟೊ ಮತ್ತು ಈರುಳ್ಳಿಯಲ್ಲಿ ಇನ್ನೂ ಹೆಚ್ಚಿದೆ, ಬಿಸಿ ತಗುಲಿದಾಗ ಚೀಸ್ ಕೂಡ ಸ್ವಲ್ಪ ನೀರು ಬಿಡುತ್ತದೆ. ಇವೆಲ್ಲವನ್ನೂ ಹಸಿ ಬ್ರೆಡ್ಡಿನ ಮೇಲೆ ಒಟ್ಟಿಗೆ ಹೇರಿ ಕಾವಲಿಗೆ ಹಾಕಿದರೆ ತಳ ಸೀಯುತ್ತದೆ, ನಡುಭಾಗ ಮುದ್ದೆಯಾಗುತ್ತದೆ, ಕೈಗೆತ್ತಿಕೊಂಡವರ ಬೆರಳಲ್ಲಿ ತುಂಡು ಬಾಗಿ ಮೇಲಿನದೆಲ್ಲ ತಟ್ಟೆಗೆ ಜಾರುತ್ತದೆ. ಆದ್ದರಿಂದ ಬ್ರೆಡ್ಡನ್ನು ಮೊದಲು ಬೇರೆಯಾಗಿ ಗರಿಗರಿ ಮಾಡಿಕೊಳ್ಳಬೇಕೆನ್ನುವುದನ್ನು ದಯವಿಟ್ಟು ಯಾರೂ ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಅಂದೇ ತಂದ ಮೆತ್ತನೆಯ ಬ್ರೆಡ್ಡಿಗಿಂತ ಒಂದು ದಿನದ ಹಿಂದಿನದು ಇದಕ್ಕೆ ಮೇಲು. ಅದು ಚೆನ್ನಾಗಿ ಕತ್ತರಿಸಲು ಬರುತ್ತದೆ, ಬೇಗ ಗರಿಯಾಗುತ್ತದೆ. ಅದನ್ನು ಫ್ರಿಜ್ಜಿನಲ್ಲಿಡುವ ಅಗತ್ಯವಿಲ್ಲ. ಆ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಇನ್ನೂ ಬೇಗ ಬಿರುಸಾಗುತ್ತದೆ. ಸಿಹಿ ಬ್ರೆಡ್ ಬೇಡ, ಸಕ್ಕರೆಯ ಅಂಶದಿಂದಾಗಿ ಅದು ಒಳಗೆ ಒಣಗುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಸಣ್ಣ ಉರಿಯಲ್ಲಿ ಕಾದ ಕಾವಲಿಯ ಮೇಲೆ, ಬೆಣ್ಣೆ ಹಾಕದೆ, ಸ್ಲೈಸಿನ ಎರಡೂ ಬದಿಗಳನ್ನು ಒಣಗಿಸಿಕೊಳ್ಳಿ. ಒಂದು ಬದಿ ಹೊಂಬಣ್ಣಕ್ಕೆ ಬರಲಿ, ಇನ್ನೊಂದು ಬದಿ ಬಣ್ಣ ತಿರುಗದೆ ಒಣಗಿದರೆ ಸಾಕು. ಹೊಂಬಣ್ಣದ ಬದಿಯನ್ನು ಮೇಲಕ್ಕೆ ಮಾಡಿ ತೆಳುವಾಗಿ ಬೆಣ್ಣೆ ಸವರಬೇಕು. ಈ ಜಿಡ್ಡಿನ ಪದರವು ಮೇಲಿನ ತರಕಾರಿಯ ತೇವ ಕೆಳಗಿಳಿಯುವುದನ್ನು ತಡೆಯುತ್ತದೆ. ಕೆಳಬದಿ ಕೊನೆಯಲ್ಲಿ ಮತ್ತೆ ಕಾವಲಿಗೆ ತಾಗುವುದರಿಂದ ಅದಕ್ಕೆ ಬಣ್ಣ ಆಗ ಬರುತ್ತದೆ.

ಇನ್ನು ಚೀಸಿನ ವಿಚಾರ. ಅಂಗಡಿಯಲ್ಲಿ ಗಟ್ಟಿಯಾಗಿಯೋ ಬಿಲ್ಲೆಯಾಗಿಯೋ ಸಿಗುವ ಸಂಸ್ಕರಿಸಿದ ಚೀಸಿಗೆ ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟಿನಂಥ ಲವಣಗಳನ್ನು ಸೇರಿಸಿರುತ್ತಾರೆ. ಅವು ಕೊಬ್ಬು, ನೀರು, ಪ್ರೋಟೀನುಗಳನ್ನು ಒಂದಾಗಿ ಹಿಡಿದಿಡುವುದರಿಂದ ಅದು ಜಿಡ್ಡು ಬಿಡದೆ ನುಣ್ಣಗೆ ಕರಗುತ್ತದೆ. ಮೊಜ್ಜರೆಲ್ಲದ ಗುಣ ಬೇರೆ. ಬಿಸಿನೀರಿನಲ್ಲಿ ಎಳೆದು ನಾದಿ ಮಾಡಿದ ಆ ಚೀಸ್ ಬಿಸಿಯಿರುವಾಗ ಎಳೆಎಳೆಯಾಗಿ ಬಂದು ಮಕ್ಕಳಿಗೆ ಸಂತೋಷ ಕೊಡುತ್ತದೆ, ಆದರೆ ಆರಿದೊಡನೆ ರಬ್ಬರಿನಂತಾಗುತ್ತದೆ, ರುಚಿಯೂ ಸಪ್ಪೆ. ಮಾತಿನಲ್ಲಿ ಮುಳುಗಿ ತಟ್ಟೆಯನ್ನು ಮರೆಯುವ ಅತಿಥಿಗಳಿಗೆ ಮೊಜ್ಜರೆಲ್ಲವನ್ನೊಂದೇ ಹಾಕುವುದು ಸರಿಯಲ್ಲ; ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸುವುದು ನನ್ನ ಮಟ್ಟಿಗೆ ಅತ್ಯುತ್ತಮ. ಪನೀರನ್ನು ಬದಲಿಗೆ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಕಾಯಿಸಿದ ಹಾಲಿಗೆ ನಿಂಬೆರಸದಂಥ ಹುಳಿ ಹಿಂಡಿ ಒಡೆಸಿದ ಪನೀರು ಎಷ್ಟು ಬಿಸಿ ಮಾಡಿದರೂ ಕರಗಿ ಹರಿಯುವುದಿಲ್ಲ. ಅದನ್ನು ಪುಡಿ ಮಾಡಿ ತರಕಾರಿಯೊಡನೆ ಸೇರಿಸಬಹುದೇ ಹೊರತು ಮೇಲಿನ ಪದರವಾಗಿ ಬಳಸಲಾಗದು.

ಹಬ್ಬದ ದಿನಗಳಾದ್ದರಿಂದ ಇನ್ನೊಂದು ಮಾತನ್ನೂ ಹೇಳಬೇಕು. ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬ ಕಿಣ್ವವನ್ನು ಹಿಂದಿನಿಂದಲೂ ಕರುವಿನ ಜಠರದಿಂದ ಪಡೆಯುತ್ತಿದ್ದರು. ಈಗ ನಮ್ಮ ದೇಶದಲ್ಲಿ ಸಿಗುವ ಚೀಸುಗಳಲ್ಲಿ ಹೆಚ್ಚಿನವಕ್ಕೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟನ್ನೇ ಬಳಸುತ್ತಾರೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಂಡರೆ ಮನೆಯ ಹಿರಿಯರಿಗೆ ಅನುಮಾನವಿಲ್ಲದೆ ಬಡಿಸಬಹುದು.

ಮೇಲೆ ಹಾಕುವ ಮಿಶ್ರಣಕ್ಕೆ ಒಂದು ದೊಣ್ಣೆಮೆಣಸಿನಕಾಯಿ, ಒಂದು ಕ್ಯಾರೆಟ್ಟು, ಒಂದು ಹಿಡಿ ಬೇಯಿಸಿದ ಮುಸುಕಿನ ಜೋಳ, ಎರಡು ಹಸಿಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಸೊಪ್ಪು ಇದ್ದರೆ ಸಾಕು. ನವರಾತ್ರಿಯಲ್ಲಿ ಈರುಳ್ಳಿ ತಿನ್ನದವರು ಬಹಳ ಮಂದಿ ಇರುವುದರಿಂದ ಅದಿಲ್ಲದ ಮಿಶ್ರಣವನ್ನೇ ಹೇಳುತ್ತಿದ್ದೇನೆ. ದೊಣ್ಣೆಮೆಣಸಿನಕಾಯಿಯನ್ನು ಜೋಳದ ಕಾಳಿಗಿಂತ ದೊಡ್ಡದಾಗದಂತೆ ಹೆಚ್ಚಿ, ತುರಿದ ಕ್ಯಾರೆಟ್ಟಿನೊಡನೆ ದೊಡ್ಡ ಉರಿಯಲ್ಲಿ ಒಂದು ನಿಮಿಷ ಬಾಡಿಸಿ, ಆವಿ ಹೋಗುವಂತೆ ಅಗಲವಾದ ತಟ್ಟೆಯಲ್ಲಿ ಹರಡಬೇಕು. ಜೋಳವನ್ನು ಬಟ್ಟೆಯ ಮೇಲೆ ಹಾಕಿ ಒರೆಸಬೇಕು. ಟೊಮೇಟೊ ಬೇಕೇ ಬೇಕೆನ್ನುವವರು ಗಟ್ಟಿ ಹಣ್ಣನ್ನು ಆರಿಸಿ, ಅಡ್ಡಲಾಗಿ ಕತ್ತರಿಸಿ, ಒಳಗಿನ ಬೀಜವನ್ನೂ ಲೋಳೆಯನ್ನೂ ಚಮಚದ ಹಿಡಿಯಿಂದ ತೆಗೆದು, ಉಳಿದ ತಿರುಳನ್ನು ಮಾತ್ರ ಸಣ್ಣಗೆ ಹೆಚ್ಚಿಕೊಳ್ಳಲಿ. ಮಿಶ್ರಣಕ್ಕೆ ಉಪ್ಪು ಹಾಕಬಾರದು. ಉಪ್ಪು ತರಕಾರಿಯಿಂದ ನೀರೆಳೆಯುತ್ತದೆ, ಚೀಸಿನಲ್ಲೂ ಬೆಣ್ಣೆಯಲ್ಲೂ ಬೇಕಾದಷ್ಟು ಉಪ್ಪು ಇದ್ದೇ ಇರುತ್ತದೆ.

ಬೆಣ್ಣೆ ಸವರಿದ ಮೇಲೆ, ತರಕಾರಿ ಹಾಕುವ ಮೊದಲು, ಮನೆಯ ಚಟ್ನಿಪುಡಿಯನ್ನು ಒಂದು ಚಿಟಿಕೆ ಉದುರಿಸಿ ನೋಡಿ. ಒಣ ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣಿನ ಆ ಪುಡಿ ಚೀಸಿನ ಜಿಡ್ಡಿಗೆ ಎದುರಾಗಿ ಹುಳಿಯನ್ನೂ ಖಾರವನ್ನೂ ಕೊಡುತ್ತದೆ, ಉಳಿದ ತೇವವನ್ನೂ ಹೀರಿಕೊಳ್ಳುತ್ತದೆ. ಪೊಟ್ಟಣದಲ್ಲಿ ಬರುವ ವಿದೇಶಿ ಒಣಸೊಪ್ಪಿನ ಪುಡಿಗಳಿಗಿಂತ ಇದು ಎಷ್ಟೋ ಚೆನ್ನ ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಹಸಿರು ಚಟ್ನಿ ಹಚ್ಚುವುದಾದರೆ ಒಂದು ಚಮಚ ಹುರಿಗಡಲೆ ಸೇರಿಸಿ, ನೀರು ಹಾಕದೆ ಗಟ್ಟಿಯಾಗಿ ರುಬ್ಬಬೇಕು.

ಇಷ್ಟನ್ನೆಲ್ಲ ಅತಿಥಿಗಳು ಬರುವುದಕ್ಕೆ ಎರಡು ಗಂಟೆ ಮೊದಲೇ ಮುಗಿಸಬಹುದು. ಗರಿಗರಿಯಾದ ಬ್ರೆಡ್ಡು ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ, ತರಕಾರಿ ಒಂದು ಬಟ್ಟಲಲ್ಲಿ, ತುರಿದ ಚೀಸ್ ಫ್ರಿಜ್ಜಿನಲ್ಲಿ. ಚೀಸನ್ನು ತುರಿಯುವ ಮೊದಲು 15 ನಿಮಿಷ ಫ್ರೀಜರಿನಲ್ಲಿಟ್ಟರೆ ತುರಿಮಣೆಗೆ ಮೆತ್ತಿಕೊಳ್ಳುವುದಿಲ್ಲ. ಅತಿಥಿಗಳು ಗೊಂಬೆಗಳ ಮುಂದೆ ನಿಂತಾಗ ಜೋಡಿಸಲು ತೊಡಗಿದರೆ ಸಾಕು. ತರಕಾರಿಯ ಮೇಲೆ ಚೀಸನ್ನು ಅಂಚಿನವರೆಗೂ ಹರಡದೆ ಸ್ವಲ್ಪ ಜಾಗ ಬಿಡಿ, ಕರಗಿದಾಗ ಅದು ತಾನಾಗಿ ಅಂಚನ್ನು ತಲುಪುತ್ತದೆ. ಸಣ್ಣ ಉರಿಯ ಕಾವಲಿಯಲ್ಲಿ ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಇಡಬೇಕು, ನಡುವೆ ಒಮ್ಮೆ ಮುಚ್ಚಳ ತೆಗೆದು ಅದರ ಒಳಬದಿಯ ಹನಿಗಳನ್ನು ಬಟ್ಟೆಯಿಂದ ಒರೆಸಬೇಕು. ಓವನ್ ಇರುವವರು 200 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಮೇಲಿನ ಕಾವನ್ನು ಮಾತ್ರ ಹಾಕಿ, ನಾಲ್ಕೈದು ನಿಮಿಷ ಇಟ್ಟರೆ ಚೀಸಿನ ಮೇಲೆ ಅಲ್ಲಲ್ಲಿ ಕಂದು ಬೊಟ್ಟುಗಳೂ ಬರುತ್ತವೆ. ಮೈಕ್ರೋವೇವಿನಲ್ಲಿ ಚೀಸ್ ಕರಗುತ್ತದೆ, ಆದರೆ ಬ್ರೆಡ್ಡು ಚರ್ಮದಂತೆ ಜಗ್ಗುತ್ತದೆ.

ಹೊರತೆಗೆದು ಅರ್ಧ ನಿಮಿಷ ಬಿಟ್ಟು ಕತ್ತರಿಸಿದರೆ ಚೀಸ್ ಚಾಕುವಿಗೆ ಅಂಟಿ ಹೊರಡುವುದಿಲ್ಲ. ಕರಗಿದ ಚೀಸ್ ಬೇಗ ಆರದೆ ಬಾಯಿಯ ಅಂಗುಳಕ್ಕೆ ಅಂಟಿ ಸುಡುವುದರಿಂದ ಚಿಕ್ಕ ಮಕ್ಕಳ ತಟ್ಟೆಯನ್ನು ಇನ್ನೊಂದು ನಿಮಿಷ ತಡೆದು ಕೊಡಿ. 48 ತುಂಡುಗಳನ್ನೂ ಒಮ್ಮೆಗೇ ತಂದಿಡುವ ಬದಲು ಮೂರು ನಾಲ್ಕು ಸ್ಲೈಸಿನಷ್ಟನ್ನು ಬಿಸಿಬಿಸಿಯಾಗಿ ತಂದು, ಅದು ಮುಗಿಯುತ್ತಿರುವಾಗ ಮುಂದಿನದನ್ನು ಕಾವಲಿಗೆ ಹಾಕಿ. ಬ್ರೆಡ್ಡಿನ ಅಂಚುಗಳನ್ನು ಕತ್ತರಿಸಿ ತೆಗೆದಿದ್ದರೆ ಅವನ್ನು ಅದೇ ಬಿಸಿ ಕಾವಲಿಯ ಮೇಲೆ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ, ಮರುದಿನದ ಕಟ್ಲೆಟ್ಟಿಗೆ ಆಗುತ್ತದೆ.

ನಮಸ್ಕಾರ.