ನಂಬರ್ ಬರೆದುಕೊಳ್ಳಿ: ಲಿಬರೇಟರ್ ಬಾಂಬರ್ ಮತ್ತು ಅದರಲ್ಲಿ ಹಾರಿದ ಹುಡುಗರು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಾನು ಮಾತಾಡುತ್ತಿರುವುದು ಎರಡನೇ ಮಹಾಯುದ್ಧದ ಒಂದು ದೊಡ್ಡ ಬಾಂಬರ್ ವಿಮಾನದ ಬಗ್ಗೆ. ಹೆಸರು ಲಿಬರೇಟರ್. ಬಿ-24 ಅಂತಲೂ ಕರೆಯುತ್ತಾರೆ. ವಿಮಾನ ಅಂದ ತಕ್ಷಣ ಜನ ಕೇಳುವುದು ಎಷ್ಟು ಸ್ಪೀಡು, ಎಷ್ಟು ಬಾಂಬು ಅಂತ. ಅದು ಯಾವ ಪುಸ್ತಕದಲ್ಲಿ ಬೇಕಾದರೂ ಸಿಗುತ್ತದೆ, ಬಿಡಿ. ಅದರೊಳಗೆ ಯಾರು ಕೂತಿದ್ದರು? ಅವರು ವಾಪಸ್ ಮನೆಗೆ ಬಂದರಾ? ಬರದೇ ಹೋದರೆ ಅವರಿಗೆ ಏನಾಯಿತು ಅಂತ ಮನೆಯವರಿಗೆ ಯಾರಾದರೂ ಹೇಳಿದರಾ? ನನಗೆ ಬೇಕಾಗಿರುವುದು ಈ ಪ್ರಶ್ನೆಗಳು. ಇವಕ್ಕೆಲ್ಲ ಉತ್ತರ ಶುರುವಾಗುವುದು ಒಂದು ನಂಬರ್‌ನಿಂದ. ನೀವು ಇವತ್ತು ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ. ಹಳೆಯ ವಿಮಾನದ ಚೂರು ಎಲ್ಲಿ ಕಂಡರೂ ಅದರ ಮೇಲಿನ ನಂಬರ್ ಬರೆದುಕೊಳ್ಳಿ.

ಮೊದಲು ವಿಮಾನ ಹೇಗಿತ್ತು ಅಂತ ಎರಡೇ ಮಾತಿನಲ್ಲಿ ಹೇಳುತ್ತೇನೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ನಾಲ್ಕು ಇಂಜಿನ್, ಒಂದೊಂದೂ 1,200 ಅಶ್ವಶಕ್ತಿಯದು. ಹಿಂದೆ ಎರಡು ಬಾಲ. ಹೊಟ್ಟೆಯ ಬಾಗಿಲು ಅಂಗಡಿಯ ಶಟರ್ ಹಾಗೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಅಮೆರಿಕದಲ್ಲಿ ಇಂಥ 18,000ಕ್ಕೂ ಜಾಸ್ತಿ ವಿಮಾನ ತಯಾರಾದವು. ಒಂದೊಂದರಲ್ಲಿ ಎಂಟರಿಂದ ಹತ್ತು ಜನ. ಪೈಲಟ್, ಜೊತೆಗೊಬ್ಬ ಪೈಲಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಹಾಕುವವನು, ರೇಡಿಯೋದವನು, ಇಂಜಿನಿಯರ್, ಉಳಿದವರು ಗನ್ನರ್‌ಗಳು. ಹೆಚ್ಚಿನವರಿಗೆ ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಇವತ್ತಿನ ಡಿಗ್ರಿ ಕಾಲೇಜಿನ ಹುಡುಗರ ವಯಸ್ಸು, ಅಲ್ವಾ?

ಈಗ ನಂಬರ್ ವಿಷಯ. ಲಿಬರೇಟರ್‌ನ ಬಾಲದ ಮೇಲೆ ದೊಡ್ಡದಾಗಿ ಒಂದು ನಂಬರ್ ಬರೆದಿರುತ್ತಿದ್ದರು. ನಾಲ್ಕು ಇಂಜಿನ್‌ಗೆ ನಾಲ್ಕು ನಂಬರ್. ಅದರಲ್ಲಿದ್ದ ಹತ್ತು ಮಷೀನ್ ಗನ್‌ಗೆ ಹತ್ತು ನಂಬರ್. ಅಮೆರಿಕದ ಸೇನೆಯಲ್ಲಿ ವಿಮಾನ ವಾಪಸ್ ಬರದಿದ್ದರೆ 'ಕಾಣೆಯಾದ ಸಿಬ್ಬಂದಿಯ ವರದಿ' ಅಂತ ಒಂದು ಫಾರಂ ತುಂಬುತ್ತಿದ್ದರು. ನಾನು ವಿಮಾನ ಕಾರ್ಖಾನೆಯಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದವನು. ಫಾರಂ ತುಂಬುವ ಬೇಜಾರು ನನಗೆ ಚೆನ್ನಾಗಿ ಗೊತ್ತು. ಆದರೆ ಈ ಫಾರಂ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕಿತ್ತು, ಆ ದಿನದ ಹವೆ ಹೇಗಿತ್ತು, ಕೊನೆಗೆ ಯಾರು ಎಲ್ಲಿ ನೋಡಿದರು, ಎಲ್ಲ ಇದೆ. ವಿಮಾನದ ನಂಬರ್, ಇಂಜಿನ್ ನಂಬರ್, ಗನ್ ನಂಬರ್ ಇದೆ. ಕೆಳಗೆ ಒಳಗಿದ್ದ ಪ್ರತಿಯೊಬ್ಬರ ಹೆಸರು, ಹುದ್ದೆ, ಮನೆಯಲ್ಲಿ ಯಾರಿಗೆ ತಿಳಿಸಬೇಕು ಅನ್ನುವುದು.

ಅಂದರೆ, ಕಾಡಿನಲ್ಲಿ ತುಕ್ಕು ಹಿಡಿದ ಒಂದೇ ಒಂದು ಗನ್ ಸಿಕ್ಕರೂ ಸಾಕು. ಅದರ ನಂಬರ್ ಹಿಡಿದು ಫಾರಂ ಹುಡುಕಿದರೆ ಅಷ್ಟೂ ಜನರ ಹೆಸರು ಸಿಗುತ್ತದೆ. ನಂಬರ್ ಬರೆದುಕೊಳ್ಳಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ನಿಜವಾದ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೂ ಪೂರ್ತಿ ಹೇಳಲೇಬೇಕು.

1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು. ಚೀನಾಕ್ಕೆ ಹೋಗುವ ರಸ್ತೆ ಬಂದ್ ಆಯಿತು. ಪೆಟ್ರೋಲು, ಮದ್ದುಗುಂಡು, ಔಷಧಿ ಎಲ್ಲವೂ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ಬೆಟ್ಟಗಳನ್ನು ದಾಟಿ ಚೀನಾದ ಕುನ್ಮಿಂಗ್‌ಗೆ ಗಾಳಿಯಲ್ಲೇ ಹೋಗಬೇಕಾಯಿತು. ಪೈಲಟ್‌ಗಳು ಆ ದಾರಿಗೆ ಹಂಪ್ ಅನ್ನುತ್ತಿದ್ದರು. ಮೋಡ, ಮಂಜು, ರೆಕ್ಕೆ ಮೇಲೆ ಕಟ್ಟುವ ಹಿಮ, ಮೈಲಿಗಟ್ಟಲೆ ದಾರಿ ತಪ್ಪಿಸುವ ಗಾಳಿ. ಯುದ್ಧ ಮುಗಿಯುವ ಹೊತ್ತಿಗೆ ಆ ದಾರಿಯಲ್ಲಿ ಸುಮಾರು 600 ವಿಮಾನಗಳು ಬಿದ್ದು ನಾಶವಾದವು.

ಕುನ್ಮಿಂಗ್ ಕಡೆ ಅಮೆರಿಕದ ಒಂದು ಬಾಂಬರ್ ಪಡೆ, 308ನೇ ಬಾಂಬಾರ್ಡ್‌ಮೆಂಟ್ ಗ್ರೂಪ್ ಇತ್ತು. ಅವರ ಹತ್ತಿರ ಲಿಬರೇಟರ್‌ಗಳಿದ್ದವು. ಬಾಂಬ್ ಹಾಕಲು ಬೇಕಾದ ಪೆಟ್ರೋಲನ್ನೂ ಬಾಂಬನ್ನೂ ಅವರೇ ಅಸ್ಸಾಮಿಗೆ ಬಂದು ಹೊತ್ತುಕೊಂಡು ಹೋಗಬೇಕಿತ್ತು. 1944ರ ಜನವರಿ 25ರಂದು ಹೀಗೇ ಕೆಲವು ವಿಮಾನಗಳು ಕುನ್ಮಿಂಗ್‌ನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟವು. ಅದರಲ್ಲೊಂದರ ಹೆಸರು 'ಹಾಟ್ ಆ್ಯಸ್ ಹೆಲ್'. ಒಳಗೆ ಎಂಟು ಜನ. ಹವೆ ತುಂಬ ಕೆಟ್ಟಿತ್ತು. ಆ ವಿಮಾನ ಚಬುವಾಕ್ಕೆ ಬರಲೇ ಇಲ್ಲ.

ಮನೆಗಳಿಗೆ ತಂತಿ ಹೋಯಿತು. ಕಾಣೆಯಾಗಿದ್ದಾರೆ ಅಂತ. ಕಾಣೆಯಾಗಿದ್ದಾರೆ ಅಂದರೆ ಏನರ್ಥ? ತಾಯಿಗೆ ಅಳುವ ಹಾಗೂ ಇಲ್ಲ, ಸುಮ್ಮನಿರುವ ಹಾಗೂ ಇಲ್ಲ. ವರ್ಷ ಕಳೆದ ಮೇಲೆ ಸತ್ತಿದ್ದಾರೆ ಅಂತ ಸರ್ಕಾರ ಕಾಗದದಲ್ಲಿ ತೀರ್ಮಾನ ಮಾಡುತ್ತಿತ್ತು. ಮಣ್ಣು ಮಾಡಲು ದೇಹ ಇಲ್ಲ, ಬಿದ್ದ ಜಾಗ ಗೊತ್ತಿಲ್ಲ.

ಆ ವಿಮಾನ ಬಿದ್ದಿದ್ದು ನಮ್ಮ ದೇಶದಲ್ಲೇ. ಅರುಣಾಚಲದ ಸಿಯಾಂಗ್ ಕಡೆ ದಾಮ್ರೋಹ್ ಅಂತ ಒಂದು ಊರು. ಆದಿ ಜನರ ಊರು. ಆ ಊರಿನ ಮೇಲಿನ ಬೆಟ್ಟದಲ್ಲಿ, ದಟ್ಟ ಕಾಡಿನಲ್ಲಿ, ಚೂರುಚೂರಾಗಿ ಬಿದ್ದಿತ್ತು. ಬೇಟೆಗೆ ಹೋಗುವವರಿಗೆ ಅಲ್ಲೊಂದು ವಿಮಾನ ಇದೆ ಅಂತ ಗೊತ್ತಿತ್ತು. ಅದು ಯಾರದು ಅಂತ ಕೇಳುವವರೇ ಇರಲಿಲ್ಲ. 2006ರಲ್ಲಿ ಕ್ಲೇಟನ್ ಕೂಲ್ಸ್ ಅನ್ನುವ ಅಮೆರಿಕದ ಬೆಟ್ಟ ಹತ್ತುವವರು ಅಲ್ಲಿಗೆ ಹೋದರು. ಇವರು ವ್ಯಾಪಾರಿ, ಸೇನೆಯವರಲ್ಲ. ತಮ್ಮ ಆಸಕ್ತಿಯಿಂದ ಇಂಥ ವಿಮಾನ ಹುಡುಕುವವರು. ಊರಿನವರೇ ದಾರಿ ತೋರಿಸಿದರು. ಆ ಊರಿನವರಿಲ್ಲದೆ ಇದು ಯಾವುದೂ ಆಗುತ್ತಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ಸಿಕ್ಕ ನಂಬರ್‌ಗಳನ್ನು ಬರೆದುಕೊಂಡು ಬಂದು ಹಳೆಯ ಫಾರಂ ಜೊತೆ ತಾಳೆ ನೋಡಿದರು. ಹಾಟ್ ಆ್ಯಸ್ ಹೆಲ್! ಅರವತ್ತೆರಡು ವರ್ಷದ ಮೇಲೆ ಎಂಟು ಮನೆಗಳಿಗೆ ಒಂದು ಊರಿನ ಹೆಸರು ಸಿಕ್ಕಿತು.

ಅಲ್ಲಿಗೆ ಮುಗಿಯಲಿಲ್ಲ. ಜಾಗ ಗೊತ್ತಾದ ಮೇಲೂ ಅಗೆದು ನೋಡಲು ವರ್ಷಗಟ್ಟಲೆ ಕಾಯಬೇಕಾಯಿತು. ಗಡಿ ಪ್ರದೇಶ, ಅನುಮತಿ ಬೇಕು, ಮಳೆ ಶುರುವಾದರೆ ಬೆಟ್ಟ ಹತ್ತುವ ಹಾಗಿಲ್ಲ. ಆ ವಿಮಾನದ ನ್ಯಾವಿಗೇಟರ್‌ನ ಸಂಬಂಧಿಯೊಬ್ಬರು ಇಂಥ ಕುಟುಂಬಗಳನ್ನು ಒಟ್ಟು ಸೇರಿಸಿದರು. ಎರಡೂ ಸರ್ಕಾರಗಳಿಗೆ ಬರೆದರು, ಮತ್ತೆ ಬರೆದರು, ಬಿಡಲಿಲ್ಲ. 2015ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತಂಡ ದಾಮ್ರೋಹ್‌ಗೆ ಬಂದು ಮಣ್ಣು ಜರಡಿ ಹಿಡಿಯಿತು. ಸಿಕ್ಕ ಅವಶೇಷಗಳನ್ನು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಗೌರವದೊಂದಿಗೆ ಕಳಿಸಿಕೊಟ್ಟರು. ಅದರಲ್ಲಿ ಒಬ್ಬರ ಗುರುತು ಸಿಕ್ಕಿತು. ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್. ಜಾರ್ಜಿಯಾ ರಾಜ್ಯದ ಕಾಂಕರ್ಡ್ ಅನ್ನುವ ಚಿಕ್ಕ ಊರಿನವರು. 2017ರ ಜೂನ್‌ನಲ್ಲಿ ಅವರ ಊರಿನಲ್ಲೇ ಅವರನ್ನು ಮಣ್ಣು ಮಾಡಿದರು. ಹೋಗಿ ಎಪ್ಪತ್ಮೂರು ವರ್ಷವಾಗಿತ್ತು.

'ಸತ್ತು ಎಷ್ಟೋ ಕಾಲವಾಯಿತು, ಈಗ ಹುಡುಕಿ ಏನು ಪ್ರಯೋಜನ ಸಾರ್' ಅಂತ ನನ್ನನ್ನು ಕೇಳುವವರಿದ್ದಾರೆ. ಅವರಿಗೆ ನಾನು ಈ ಕಾಂಕರ್ಡ್ ಊರಿನ ಹೆಸರು ಹೇಳುತ್ತೇನೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವವರು ಈ ಪ್ರಶ್ನೆ ಕೇಳಬಾರದು.

ಗುರುತು ಹಿಡಿಯುವ ಡಿಎನ್‌ಎ ಬಗ್ಗೆ ಒಂದು ಮಾತು, ಬೇಗ ಹೇಳಿಬಿಡುತ್ತೇನೆ. ಹಳೆಯ ಮೂಳೆಯಲ್ಲಿ ಚೆನ್ನಾಗಿ ಉಳಿಯುವುದು ತಾಯಿಯಿಂದ ಮಕ್ಕಳಿಗೆ ಬರುವ ಬಗೆಯದು. ಹಾಗಾಗಿ ಕಾಣೆಯಾದವರು ನಿಮಗೆ ಸೋದರಮಾವ ಆಗಿದ್ದರೆ ನಿಮ್ಮ ಸ್ಯಾಂಪಲ್ ನಡೆಯುತ್ತದೆ. ದೊಡ್ಡಪ್ಪನೋ ಚಿಕ್ಕಪ್ಪನೋ ಆಗಿದ್ದರೆ ಈ ಪರೀಕ್ಷೆಗೆ ನೀವು ಬರುವುದಿಲ್ಲ. ಆಗ ಅವರ ಅಕ್ಕತಂಗಿಯರ ಮಕ್ಕಳನ್ನು ಹುಡುಕಬೇಕು. ಎಷ್ಟೋ ಕುಟುಂಬಗಳು ವಂಶವೃಕ್ಷ ಬರೆಯಲು ಕೂರುವುದೇ ಇದಕ್ಕೆ.

ಇದೆಲ್ಲ ಅಸ್ಸಾಮು, ಅಮೆರಿಕದ ಕಥೆಯಾಯಿತು, ನಮಗೇನು ಅನ್ನಬೇಡಿ. ಯುದ್ಧದ ಕಾಲದಲ್ಲಿ ನಮ್ಮ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ಹುಡುಗರಿಗೆ ಲಿಬರೇಟರ್ ಹಾರಿಸಲು ತರಬೇತಿ ಕೊಡುತ್ತಿದ್ದರು. 1944ರ ನವೆಂಬರ್‌ನಲ್ಲಿ 358ನೇ ಸ್ಕ್ವಾಡ್ರನ್ ಶುರುವಾಗಿದ್ದೇ ಕೋಲಾರದಲ್ಲಿ. ಆಮೇಲೆ ಅವರು ಬಂಗಾಳಕ್ಕೆ ಹೋದರು. ಬರ್ಮಾ, ಥಾಯ್ಲೆಂಡ್ ಕಡೆ ಗುಪ್ತಚರರನ್ನೂ ಸಾಮಾನನ್ನೂ ಪ್ಯಾರಾಚೂಟ್‌ನಲ್ಲಿ ಇಳಿಸುವ ಕೆಲಸ ಮಾಡಿದರು. ಹೋದವರೆಲ್ಲ ವಾಪಸ್ ಬರಲಿಲ್ಲ. ಪೂರ್ವ ಏಷ್ಯಾದ ಆಕಾಶದಲ್ಲಿ ಸತ್ತು ಸಮಾಧಿ ಇಲ್ಲದವರ ಹೆಸರು ಸಿಂಗಪುರದ ಸ್ಮಾರಕದಲ್ಲಿದೆ. ದಕ್ಷಿಣ ಭಾರತದ ಎಷ್ಟೋ ಸ್ಮಶಾನಗಳಲ್ಲಿದ್ದ ಯುದ್ಧಕಾಲದ ಸಮಾಧಿಗಳನ್ನು ಚೆನ್ನೈನ ಯುದ್ಧ ಸ್ಮಶಾನಕ್ಕೆ ತಂದು ಸೇರಿಸಿದರು. ಇವತ್ತಿಗೂ ಇಂಗ್ಲೆಂಡಿನ ಮೊಮ್ಮಕ್ಕಳು ಹಳೆಯ ಲಾಗ್‌ಬುಕ್ ತೆರೆದು, ಕೋಲಾರ ಅಂತ ಬರೆದದ್ದು ನೋಡಿ, ಇದೆಲ್ಲಿದೆ ಅಂತ ಕೇಳುತ್ತಾರೆ.

ಬೆಂಗಳೂರಿಗೂ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹತ್ತಿರ ಹತ್ತಿರ ನೂರು ಲಿಬರೇಟರ್‌ಗಳನ್ನು ಬ್ರಿಟಿಷರು ಒಡೆದು ಹಾಳು ಮಾಡಿ ಬಿಟ್ಟುಹೋದರು. ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಅದನ್ನು ಅಲ್ಲಲ್ಲೇ ತೇಪೆ ಹಾಕಿದರು. ಮುನ್ಷಿ ಅನ್ನುವ ಪೈಲಟ್ ಒಂದೊಂದನ್ನಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಇಲ್ಲಿ 40ಕ್ಕೂ ಹೆಚ್ಚು ವಿಮಾನ ಮತ್ತೆ ಹೊಸದಾದವು. 1968ರವರೆಗೆ ನಮ್ಮ ವಾಯುಪಡೆ ಹಾರಿಸಿತು. ಲೋಕದಲ್ಲಿ ಇವತ್ತು ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಎಷ್ಟೋ ಹೀಗೆ ನಮ್ಮ ಕೆಲಸಗಾರರ ಕೈಯಿಂದ ಬದುಕಿದವು. ಅಮೆರಿಕದಲ್ಲಿರುವ ಒಂದು ವಿಮಾನಕ್ಕೆ ಮೂರು ನಂಬರ್ ಇದೆ. ಅಮೆರಿಕದವರು ಕೊಟ್ಟಿದ್ದು 44-44052, ಬ್ರಿಟಿಷರು ಕೊಟ್ಟಿದ್ದು ಕೆಎಚ್ 191, ನಾವು ಕೊಟ್ಟಿದ್ದು ಎಚ್‌ಇ 771. ಮೂರೂ ಬರೆದಿಟ್ಟಿದ್ದಕ್ಕೆ ಮೂರು ದೇಶದ ಮನೆಯವರೂ ಅದೇ ವಿಮಾನಕ್ಕೆ ಬಂದು ಸೇರಬಹುದು.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಕೊನೆಗೆ ಕೆಲಸದ ಮಾತು.

ವಿಮಾನಪುರ, ಮುರುಗೇಶಪಾಳ್ಯ, ಮಾರತಹಳ್ಳಿ ಕಡೆಯ, ಆ ಕಾರ್ಖಾನೆಯ ಹಳೆಯ ಕೆಲಸಗಾರರ ಮನೆಯವರು ಕೇಳುತ್ತಿದ್ದರೆ, ತಾತನ ಟೂಲ್ ಬಾಕ್ಸ್ ಒಮ್ಮೆ ತೆರೆದು ನೋಡಿ. ವಿಮಾನದ ನಂಬರ್ ಒತ್ತಿದ ಅಂಗೈಯಗಲದ ತಗಡಿನ ಪ್ಲೇಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ, ನಂಬರ್ ಕಾಗದಕ್ಕೆ ಬರುತ್ತದೆ. ಫೋಟೋ ತೆಗೆಯುವುದಾದರೆ ಪಕ್ಕದಿಂದ ಟಾರ್ಚ್ ಬಿಡಿ. ಮತ್ತೆ ಫೋಟೋದಲ್ಲಿ ನೀವು ನಿಲ್ಲಬೇಡಿ! ವಿಮಾನದ ಚೂರಿನ ಜೊತೆ ನಗುತ್ತಾ ನಿಂತ ಫೋಟೋ ನನಗೆ ರಾಶಿ ಬರುತ್ತವೆ. ನಂಬರ್ ಇರುವ ಜಾಗಕ್ಕೆ ಸರಿಯಾಗಿ ಅವರ ಮೊಣಕೈ ಇರುತ್ತದೆ.

ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯವರು ಮನೆಯ ಹಿರಿಯರನ್ನು ಕೇಳಿ. ಯಾವ ಊರಿನ ಹತ್ತಿರ, ಯಾವ ಕೆರೆ ಹಿಂದೆ, ಯಾವ ವರ್ಷ ವಿಮಾನ ಬಿದ್ದದ್ದು ನೋಡಿದ್ದರು ಅಂತ. ವರ್ಷ ನೆನಪಿಲ್ಲದಿದ್ದರೆ ಯಾರ ಮದುವೆಯ ವರ್ಷ, ಯಾವ ಬರಗಾಲದ ವರ್ಷ ಅಂತ ಹೇಳಿದರೂ ಆಗುತ್ತದೆ. ಒಂದು ಕಾರ್ಡಿನಲ್ಲಿ ಬರೆದು ಈ ಆಕಾಶವಾಣಿ ಕೇಂದ್ರದ ವಿಳಾಸಕ್ಕೆ ಹಾಕಿ, ನನಗೆ ತಲುಪಿಸುತ್ತಾರೆ. ಪ್ಲೇಟ್ ಇದ್ದವರು ಪ್ಲೇಟ್ ಕಳಿಸಬೇಡಿ, ಅದು ನಿಮ್ಮ ಮನೆಯಲ್ಲೇ ಇರಲಿ. ನನಗೆ ನಂಬರ್ ಸಾಕು.

ನಮಸ್ಕಾರ.